ಜಲಾಂತರ್ಗಾಮಿ ನಂಬರ್ ನಲವತ್ತೇಳು

"ಇನ್ನ ಎಂಟ ದಿನದಾಗ ಈ ಮನಿಯಿಂದ ಒಂದು ಜಲಾಂತರ್ಗಾಮಿ ನೌಕೆ ಹೊರಗ ಬರ್ತೈತಿ. ಬರದಿಟ್ಕೋರಿ!"

ಸಿದ್ದಾರೂಢ ಹೀಗೆ ಗುಡುಗಿದ್ದು ಬಿಟಿಎಂ ಲೇಔಟಿನ ಒಂದು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಮನಸ್ಸು ಬಂದರೆ ಮಾತ್ರ, ಮೇಲಕ್ಕೆ ಹತ್ತುವ ಮನೆ ಅದು. ಕೇಳಿಸಿಕೊಂಡವರು ಇಬ್ಬರು. ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ ತಾಯಿ ಮುರಿಗೆವ್ವ, ಮತ್ತು ಕೆಲಸಕ್ಕೆ ಹೊರಟು ನಿಂತಿದ್ದ ಹೆಂಡತಿ ರಾಜಶ್ರೀ.

"ಅಂತರ್ಗಾಮಿ ನೀವು ಮಾಡ್ರಿ," ಅಂದಳು ರಾಜಶ್ರೀ, ಚಪ್ಪಲಿ ಮೆಟ್ಟುತ್ತ. "ಜಲ ಯಾರು ತರ್ತಾರ? ಟ್ಯಾಂಕರಿಗೆ ಫೋನ್ ಮಾಡಿ ಮುಂದಿನ ಕೆಲಸ ನೋಡ್ರಿ."

ಸಿದ್ದಾರೂಢ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಲ್ಲಿ ಕಿಚ್ಚು ಹೊತ್ತಿಸಿದವನು ಆಫೀಸಿನ ನಚಿಕೇತ. ಜಯನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಾದರಿಗಳ ಪ್ರದರ್ಶನದಲ್ಲಿ ಹೋದ ಸಲ ವಿಮಾನ ಇಟ್ಟು ಬಹುಮಾನ ಹೊಡೆದಿದ್ದ ಆ ಮಹಾಶಯ, ಕ್ಯಾಂಟೀನಿನಲ್ಲಿ ಎಲ್ಲರೆದುರು, "ಅಂಟಿಸೋದು ಬಿಡು ಗುರು, ಬಣ್ಣಾನೂ ಬಿಡು. ಡೆಕಾಲ್ ಹಚ್ಚೋದಿದೆ ನೋಡು, ಅದು ಎಲ್ಲರ ಕೈಲೂ ಆಗಲ್ಲ," ಅಂದಿದ್ದ. ಎಲ್ಲರ ಕೈಲೂ ಆಗದ್ದು ಸಿದ್ದಾರೂಢನ ಕೈಲಿ ಆಗಬೇಡವೇ? ಅಂದೇ ಸಂಜೆ ಜಲಾಂತರ್ಗಾಮಿಯ ಪುಟ್ಟ ಮಾದರಿ ಕಟ್ಟುವ ಕಿಟ್ ತರಿಸಿಬಿಟ್ಟ.

ಮೊದಲ ನಾಲ್ಕು ದಿನ ಎಲ್ಲವೂ ಸುಸೂತ್ರ. ಪ್ಲಾಸ್ಟಿಕ್ ತುಂಡುಗಳು ಒಂದಕ್ಕೊಂದು ಕೂಡಿ, ಮೊಳದುದ್ದದ ನೌಕೆ ಊಟದ ಮೇಜಿನ ಮೇಲೆ ಮೈತಳೆಯಿತು. ಮುರಿಗೆವ್ವ ದಿನಕ್ಕೆ ಹತ್ತು ಸಲ ಬಂದು ನೋಡಿದಳು.

"ಇದರಾಗ ಮಂದಿ ಕುಂಡ್ರತಾರೇನಪಾ?"

"ಖರೇದರಾಗ ಕುಂಡ್ರತಾರಬೇ. ಎಪ್ಪತ್ತೆಂಬತ್ತ ಮಂದಿ. ತಿಂಗಳಾನುಗಟ್ಟಲೆ ಸಮುದ್ರದ ತಳದಾಗ."

"ಕಿಡಕಿ?"

"ಒಂದೂ ಇಲ್ಲ."

ಮುರಿಗೆವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡು ನಿಂತಳು. ಸಮುದ್ರವನ್ನೇ ಕಾಣದ ಆಕೆಗೆ ಕಿಟಕಿಯಿಲ್ಲದೆ ಸಮುದ್ರದೊಳಗೆ ಬಾಳುವ ಎಂಬತ್ತು ಜನರ ಯೋಚನೆ ಹತ್ತಿತು. ಅವತ್ತು ಎರಡು ರೊಟ್ಟಿ ಹೆಚ್ಚೇ ಬಡಿದಳು.

ಐದನೆಯ ದಿನ ಬಣ್ಣ. ತಳಕ್ಕೆ ಕೆಂಪು, ಮೇಲಕ್ಕೆ ಬೂದು. ಕೆಂಪು ಬಳಿದ ಭಾಗಕ್ಕೆ ಟೇಪು ಸುತ್ತಿ, ತಾರಸಿಗೆ ಹೋಗಿ, ಮೂಗಿಗೆ ಕರವಸ್ತ್ರ ಕಟ್ಟಿ, ಯುದ್ಧಕ್ಕೆ ನಿಂತವನಂತೆ ಸ್ಪ್ರೇ ಡಬ್ಬಿಯ ತಲೆ ಒತ್ತಿದ. ನೌಕೆಗೆ ಬಣ್ಣ ಬಹಳ ಚೆನ್ನಾಗಿ ಕೂತಿತು. ಗಾಳಿ ಹೊತ್ತೊಯ್ದದ್ದು ಇನ್ನೂ ಚೆನ್ನಾಗಿ ಕೂತಿತು, ಹಗ್ಗದ ಮೇಲೆ ಒಣಗುತ್ತಿದ್ದ ಮನೆ ಮಾಲೀಕ ಬೈರಣ್ಣನವರ ಬಿಳಿ ಪಂಚೆಯ ಮೇಲೆ!

ಬೈರಣ್ಣ ಎಂದರೆ ಈ ಬಡಾವಣೆ ಹುಟ್ಟುವ ಮೊದಲು ಇಲ್ಲೇ ರಾಗಿ ಬೆಳೆದ ಮನೆತನದವರು. ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಬಾಗಿಲಿಗೆ ಬಂದರು.

"ಏನಪ್ಪ ಸಿದ್ದು, ಅರ್ಧ ಪಂಚೆಗೆ ಬಣ್ಣ ಹೊಡ್ದಿದೀಯ. ಮಿಕ್ಕಿದ್ದರ್ಧ ಯಾವಾಗ?"

ಸಿದ್ದಾರೂಢ ಹೊಸ ಪಂಚೆ ತಂದುಕೊಟ್ಟು ಪಾರಾದ. ಹೋಗಲಿ, ಬಣ್ಣ ಮುಗಿಯಿತಲ್ಲ! ಉಳಿದದ್ದು ಡೆಕಾಲ್.

ಡೆಕಾಲ್ ಎಂದರೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಅಚ್ಚು. ಕಾಗದ ಸಮೇತ ನೀರಿನಲ್ಲಿ ನೆನೆಸಬೇಕು, ಸಡಿಲಾದ ಮೇಲೆ ಮೆಲ್ಲಗೆ ಜಾರಿಸಿ ಕೂರಿಸಬೇಕು, ಗುಳ್ಳೆ ಏಳದಂತೆ ನೀರು ಒತ್ತಿ ತೆಗೆಯಬೇಕು. ಈ ನೌಕೆಗಿದ್ದವು ಎರಡು ಬಗೆ. ಮುಂದೆ ಹಿಂದೆ ಅಂಟಿಸಲು ಇರುವೆ ಸಾಲಿನಂಥ, ನೌಕೆ ಎಷ್ಟು ಮುಳುಗಿದೆಯೆಂದು ತೋರಿಸುವ ಆಳದ ಗುರುತುಗಳು; ಮತ್ತು ನಡುವಿನ ಗೋಪುರದ ಎಡಕ್ಕೊಂದು, ಬಲಕ್ಕೊಂದು ಕಪ್ಪು ಅಂಕಿ: 47.

ಶುಕ್ರವಾರ ಸಂಜೆ ರಾಜಶ್ರೀ ಕೆಲಸದಿಂದ ಬಂದವಳು ಅವನ ಹೆಗಲ ಮೇಲಿಂದ ಬಾಗಿ ನೋಡಿದಳು. "ಅಲ್ರಿ, ಅದನ್ನ ಹಾಂಗ ಚಿಮಟದಿಂದ ಎತ್ತಬ್ಯಾಡ್ರಿ, ಮೊದಲ..."

"ರಾಜಿ, ಇದು ಹೆಂಗಸರ ಸ್ಟಿಕರ್ ಅಲ್ಲ. ಇದೊಂದು ಸೈನ್ಸು!"

ರಾಜಶ್ರೀ ಕೈಚೀಲ ಎತ್ತಿಕೊಂಡು ಒಳಗೆ ಹೋದಳು. ಸೈನ್ಸು ಅರ್ಧ ನಿಮಿಷದಲ್ಲಿ ಮುದುಡಿ ಸಾಸಿವೆ ಕಾಳಿನಷ್ಟಾಗಿ ಅವನ ಬೆರಳ ತುದಿಗೆ ಅಂಟಿತು. ಎಡಗಡೆಯ 47ರ ಕಥೆ ಮುಗಿಯಿತು.

ಇಲ್ಲೊಂದು ಮಾತು ಹೇಳಬೇಕು. ರಾಜಶ್ರೀ ಕೆಲಸ ಮಾಡುತ್ತಿದ್ದದ್ದು ತಿಲಕ್ ನಗರದ ಒಂದು ನೇಲ್ ಪಾರ್ಲರಿನಲ್ಲಿ. ಹೆಂಗಸರ ಉಗುರಿಗೆ ಬಣ್ಣ ಹಚ್ಚಿ ಚಿತ್ತಾರ ಬರೆಯುವ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ ಸಿದ್ದಾರೂಢ, "ಆಕಿಗೂ ಆಫೀಸಿನಾಗ ಕೆಲಸ," ಎಂದು ಮಾತು ತೇಲಿಸುತ್ತಿದ್ದ. ತಾಯಿಗೂ ಹಾಗೆಯೇ ಹೇಳಿದ್ದ. ಉಗುರು ತಿಕ್ಕುವ ಕೆಲಸವೆಂದು ಹೇಗೆ ಹೇಳುವುದು! ರಾಜಶ್ರೀ ಅವನೆದುರು ಅದಕ್ಕೆ ಹೌದು ಎಂದಿರಲಿಲ್ಲ, ಅಲ್ಲ ಎಂದೂ ಅಂದಿರಲಿಲ್ಲ.

ಶನಿವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆಯೇ ಪ್ರದರ್ಶನ. ಸಿದ್ದಾರೂಢ ಉಳಿದ ಒಂದೇ 47ನ್ನು ಸ್ಟೀಲ್ ಬಟ್ಟಲಿನ ನೀರಿಗೆ ಬಿಟ್ಟ. ಅಷ್ಟರಲ್ಲಿ ಫೋನು. ನಚಿಕೇತ!

"ಏನ್ ಗುರು, ಡೆಕಾಲ್ ಏನ್ ಹೇಳುತ್ತೆ?"

"ನೆನಿಯಾಕತ್ತೈತಿ. ನಾಳೆ ನೋಡಾಕ ಬಾ, ಕಣ್ಣ ಬಿಟಗೊಂಡ ನೋಡ್ತಿ," ಎನ್ನುತ್ತ ಸಿದ್ದಾರೂಢ ತಾರಸಿ ಹತ್ತಿದ. ಹತ್ತು ನಿಮಿಷ ಕೊಚ್ಚಿಕೊಂಡ.

ಇತ್ತ ಅಡುಗೆಮನೆಯಲ್ಲಿ ಮುರಿಗೆವ್ವ ಹಂಚಿನ ಮೇಲೆ ರೊಟ್ಟಿ ಹಾಕಿದ್ದಳು. ಜೋಳದ ರೊಟ್ಟಿಯ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು. ನಲ್ಲಿ ತಿರುಗಿಸಿದರೆ ಬುಸ್ ಎಂದಿತು. ಮೇಜಿನ ಮೇಲೆ ಬಟ್ಟಲು ತುಂಬ ನೀರಿತ್ತಲ್ಲ! ಅರಿವೆ ಅದ್ದಿದಳು, ಸವರಿದಳು, ರೊಟ್ಟಿ ಮಗುಚಿದಳು. ಮತ್ತೆ ಮಗುಚಿದಾಗ ಆಕೆಯ ಕೈ ಗಾಳಿಯಲ್ಲೇ ನಿಂತಿತು.

ರೊಟ್ಟಿ ಪೂರಿಯಂತೆ ಉಬ್ಬಿತ್ತು. ಅದರ ನಟ್ಟನಡುವೆ, ಒಂದು ಗುಳ್ಳೆಯಿಲ್ಲದೆ, ಒಂದು ಮಡಿಕೆಯಿಲ್ಲದೆ, ಕಪ್ಪಗೆ, ಸ್ಪಷ್ಟವಾಗಿ: 47!

"ಅಯ್ಯ ಶಿವನ! ರೊಟ್ಟಿ ಮ್ಯಾಲ ಏನೋ ಬರದೈತ್ರಿ!" ಮುರಿಗೆವ್ವ ಬಾಗಿಲಿಗೆ ಬಂದು ಕೂಗಿದ್ದಕ್ಕೆ ಕೆಳಗಿನಿಂದ ಬೈರಣ್ಣನವರ ಹೆಂಡತಿ ಅಕ್ಕಯಮ್ಮ ಓಡಿ ಬಂದರು. ಅವರ ಹಿಂದೆ ಬೈರಣ್ಣ, ಹೊಸ ಪಂಚೆಯಲ್ಲಿ.

ಬೈರಣ್ಣ ಕನ್ನಡಕ ಏರಿಸಿ ರೊಟ್ಟಿ ನೋಡಿದರು. ಮತ್ತೆ ನೋಡಿದರು. ಮುಖದ ಬಣ್ಣವೇ ಬದಲಾಯಿತು.

"ನಲವತ್ತೇಳು... ಲೇ ಅಕ್ಕಯ್ಯ, ಸರ್ವೆ ನಂಬರ್ ನಲವತ್ತೇಳು ಕಣೇ! ನಮ್ ತಾತನ ಹೊಲ!"

"ನಮ್ ಕೆರೆ ಪಕ್ಕದ್ದಾ?"

"ಹೂಂ ಕಣೇ! ಲೇಔಟ್‌ಗೆ ಹೋಯ್ತಲ್ಲ, ಅದೇ!"

ಅಕ್ಕಯಮ್ಮ ಸೆರಗು ಹೊದ್ದು ಕೈಮುಗಿದರು. ಮುರಿಗೆವ್ವನೂ ಮುಗಿದಳು. ಸಿದ್ದಾರೂಢ ತಾರಸಿಯಿಂದ ಇಳಿದು ಬಂದಾಗ ಕಂಡದ್ದು ಇದು: ಬಟ್ಟಲು ಖಾಲಿ, ಒಲೆ ಆರಿದೆ, ತಟ್ಟೆಯಲ್ಲಿಟ್ಟ ಒಂದು ರೊಟ್ಟಿಗೆ ಮೂವರು ಹಿರಿಯರು ಕೈಮುಗಿದು ನಿಂತಿದ್ದಾರೆ, ರೊಟ್ಟಿಯ ಮೇಲೆ ತನ್ನ ಜಲಾಂತರ್ಗಾಮಿಯ ನಂಬರು!

ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಬೆರಗು. ಎಂಥ ಹಚ್ಚುವಿಕೆ! ಎರಡು ದಿನ ಭೂತಗನ್ನಡಿ ಹಿಡಿದು ತಾನು ಒದ್ದಾಡಿದ್ದನ್ನು ಅವ್ವ ಒಂದು ಹಳೆಯ ಅರಿವೆಯಲ್ಲಿ, ಒಂದೇ ಸಲ ಸವರಿ ಮುಗಿಸಿದ್ದಳು. ಆಮೇಲೆ ಎಚ್ಚರವಾಯಿತು.

"ಅಂಕಲ್, ಅದು ನಂದ್ರಿ!"

"ನಿಂದಾ? ನೀನು ಹುಟ್ಟೋಕೆ ಮುಂಚೆ ನಮ್ ತಾತ ಅಲ್ಲಿ ಉಳ್ತಿದ್ದ ಕಣಯ್ಯ!"

"ಹೊಲ ಅಲ್ರಿ, ನಂಬರು! ಅದು ಸ್ಟಿಕರ್ ರೀ, ಸ್ಟಿಕರ್!"

ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಡೆಕಾಲನ್ನು ಸ್ಟಿಕರ್ ಎಂದ. ಬೈರಣ್ಣ ತಟ್ಟೆಯನ್ನು ಎದೆಗೆ ಒತ್ತಿಕೊಂಡರು.

"ಸ್ಟಿಕರ್ರೇ ಇರ್ಲಿ. ನಲವತ್ತೆಂಟು ಯಾಕೆ ಬರ್ಲಿಲ್ಲ? ಹೇಳು ನೋಡೋಣ."

ರೊಟ್ಟಿ ಮೆಟ್ಟಿಲಿಳಿದು ಕೆಳಮನೆಯ ದೇವರ ಗೂಡು ಸೇರಿತು.

ನಾಲ್ಕು ಗಂಟೆಗೆ ರಾಜಶ್ರೀ ಬಂದಾಗ ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅತ್ತೆ ಕಥೆ ಹೇಳಿದಳು. ರಾಜಶ್ರೀ ನಗು ತಡೆಯಲಾರದೆ ಗೋಡೆಗೆ ಆತುಕೊಂಡಳು.

"ಕೆಳಗ ಹೋಗಿ ಇಸಗೊಂಡ ಬಾ ರಾಜಿ, ನೀ ಕೇಳಿದ್ರ ಕೊಡ್ತಾರ."

"ಬಿಡ್ರಿ. ಅವರ ಹೊಲ ಅವರಿಗೆ ಸಿಕ್ಕೈತಿ, ಇರಲಿ." ನಲ್ಲಿಗೆ ಮತ್ತೆ ನೀರು ಬಂದಿತ್ತು; ಅವಳು ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ಕೂತಳು. "ಕರೀ ಬಣ್ಣ ಎಲ್ಲೈತಿ?"

ಕೈಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ಹೊರಬಂತು. ಅದರಲ್ಲಿದ್ದ ಕುಂಚಗಳನ್ನು ಕಂಡು ಸಿದ್ದಾರೂಢ ಕಣ್ಣುಜ್ಜಿಕೊಂಡ. ಒಂದರ ತುದಿಗೆ ಎಣಿಸಿದರೆ ನಾಲ್ಕೇ ಕೂದಲು! ಪೆಟ್ಟಿಗೆಯ ಇನ್ನೊಂದು ಅರೆಯಲ್ಲಿ ಹಾಳೆಗಳು. ಹಾಳೆಯ ತುಂಬ ಹೂವು, ಚಿಟ್ಟೆ, ನವಿಲುಗರಿ. ಎಲ್ಲ ಅವನ ಡೆಕಾಲಿನಂಥವೇ, ನೀರಿನಲ್ಲಿ ನೆನೆಸಿ ಜಾರಿಸುವಂಥವೇ.

"ಇವು... ಡೆಕಾಲ್?"

"ನಾವು ನೀರಿನ ಸ್ಟಿಕರ್ ಅಂತೀವ್ರಿ. ದಿನಾ ಐವತ್ತ ಹಚ್ಚತೀನಿ. ಅದೂ ಅಲುಗಾಡೋ ಬೆರಳಿಗೆ, ಫೋನಿನಾಗ ಮಾತಾಡೋ ಮಂದಿಗೆ. ನಿಮ್ಮ ನೌಕೆ ಪಾಪ, ಸುಮ್ಮನ ಕುಂತೈತಿ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?"

"ನಿನ್ನೆ ಅದು ಸೈನ್ಸ್ ಇತ್ತಲ್ರಿ."

ಆಳದ ಗುರುತುಗಳನ್ನು ಮೊದಲು ಹಿಡಿದಳು. ನೀರಿಗೆ ಬಿಟ್ಟು, ಉಸಿರಿನಷ್ಟು ಹೊತ್ತು ಕಾದು, ಕಾಗದವನ್ನು ನೌಕೆಗೆ ತಾಗಿಸಿ, ಒದ್ದೆ ಬೆರಳಿನಿಂದ ಸುಮ್ಮನೆ ಸರಿಸಿದಳು. ಅಚ್ಚು ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂತಿತು. ಆಮೇಲೆ ಗೋಪುರದ ಎರಡೂ ಬದಿಗೆ ಅಂಕಿ. ಎಡಗೈ ಕಿರುಬೆರಳನ್ನು ಮೇಜಿಗೆ ಊರಿ, ಅದರ ಮೇಲೆ ಬಲಗೈ ಊರಿ, ಉಸಿರು ಹಿಡಿದು, ನಾಲ್ಕು ಕೂದಲಿನ ಕುಂಚವನ್ನು ಇಳಿಸಿದಳು. ಒಂದು ಗೆರೆ ಇಳಿಯಿತು. ಒಂದು ಅಡ್ಡ ಬಂತು. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯಲಿಲ್ಲ. ಅಂಕಿ ಮೊದಲೇ ಅಲ್ಲಿದ್ದು ಅವಳು ಧೂಳು ಒರೆಸಿದ್ದಷ್ಟೇ ಎಂಬಂತಿತ್ತು. ಪಕ್ಕದಲ್ಲಿ ಸಿದ್ದಾರೂಢನೂ ಉಸಿರು ಹಿಡಿದಿದ್ದ. ಮದುವೆಯಾಗಿ ಆರು ವರ್ಷ. ಹೆಂಡತಿ ಕೆಲಸ ಮಾಡುವುದನ್ನು ಅವನು ನೋಡುತ್ತಿದ್ದದ್ದು ಇದೇ ಮೊದಲು.

"ಇಷ್ಟ ಚಂದ ಎಲ್ಲಿ ಕಲ್ತಿಯವಾ?" ಮುರಿಗೆವ್ವ ಮಗನ ಕಡೆ ನೋಡುತ್ತ ಕೇಳಿದಳು.

ರಾಜಶ್ರೀ ತಲೆ ಎತ್ತಿ ಗಂಡನ ಮುಖ ನೋಡಿದಳು. "ಆಫೀಸಿನಾಗ, ಅತ್ತಿ."

ಸಿದ್ದಾರೂಢ ನೀರಿನ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದ.

ಭಾನುವಾರ ಜಯನಗರದ ಸಭಾಂಗಣದಲ್ಲಿ ವಿಮಾನ, ಟ್ಯಾಂಕು, ಹಡಗುಗಳ ನಡುವೆ ನಂಬರ್ ನಲವತ್ತೇಳು ಮಿಂಚುತ್ತಿತ್ತು. ತೀರ್ಪುಗಾರರು ಸೇತುರಾಮ ಎನ್ನುವ ಹಿರಿಯರು. ಮೂವತ್ತು ವರ್ಷದಿಂದ ಮಾದರಿ ಕಟ್ಟುತ್ತ ಬಂದವರು, ಯಾರನ್ನೂ ಹೊಗಳದವರು ಎಂದು ಹೆಸರು. ಅವರು ಬಂದು ಬಾಗಿದರು. ಭೂತಗನ್ನಡಿ ತೆಗೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನಚಿಕೇತನೂ ಪಕ್ಕಕ್ಕೆ ಬಂದು ಕತ್ತು ಚಾಚಿದ.

"ಏನ್ರೀ ಇದು! ಡೆಕಾಲ್ ಅಂಚೇ ಕಾಣ್ತಿಲ್ವಲ್ರೀ. ಬಣ್ಣದಲ್ಲೇ ಕರಗಿ ಹೋಗಿದೆ! ಅಂಚು ಕರಗಿಸೋಕೆ ಯಾವ ಸೊಲ್ಯೂಷನ್ ಹಾಕಿದ್ರಿ?" ಎಂದರು ಸೇತುರಾಮರು.

ಸಿದ್ದಾರೂಢ ಬಾಯಿ ತೆರೆದ. ಹೇಳಿಬಿಡಬಹುದಿತ್ತು, ಯಾವುದೋ ಜಪಾನಿನ ಹೆಸರು. ನಚಿಕೇತ ನಂಬುತ್ತಿದ್ದ. ಆದರೆ ನಾಲಿಗೆಗೆ ಬಂದದ್ದು ಬೇರೆ.

"ರಾಜಶ್ರೀ, ಸಾರ್."

"ರಾಜಶ್ರೀನಾ? ಕೇಳೇ ಇಲ್ವಲ್ಲ ಈ ಬ್ರ್ಯಾಂಡು! ಎಲ್ಲಿ ಸಿಗುತ್ತೆ?"

"ತಿಲಕ್ ನಗರದಾಗ ಸಾರ್."

"ಲೋಕಲ್ಲಾ! ಎಷ್ಟು ಹೊತ್ತಿಗೆ ಒಣಗುತ್ತೆ?"

"ಒಣಗೂದಿಲ್ಲ ಸಾರ್," ಎಂದು ಸಿದ್ದಾರೂಢ ಬೆವರು ಒರೆಸಿಕೊಂಡು, ಹಿಂದೆ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳ ಪಕ್ಕದಲ್ಲಿ ತಾಯಿ. "ಈಕಿ ನನ್ನ ಹೆಂಡ್ತಿ, ರಾಜಶ್ರೀ. ನಂಬರು ಡೆಕಾಲ್ ಅಲ್ಲ, ಕೈಲೆ ಬರದಾಳ. ಆಫೀಸಿನಾಗ ಅಲ್ಲ, ಅವ್ವಾ... ನೇಲ್ ಪಾರ್ಲರಿನಾಗ ಕೆಲಸ ಮಾಡ್ತಾಳ. ಹೆಂಗಸರ ಉಗುರಿಗೆ ಚಿತ್ರಾ ಬರೀತಾಳ. ನಾನ ಸುಳ್ಳ ಹೇಳಿದ್ದೆ."

ಕಣ್ಣು ನೆಲ ನೋಡಿತು. ತಾಯಿ ಏನೆನ್ನುತ್ತಾಳೋ!

ಮುರಿಗೆವ್ವ ಸೆರಗಿನೊಳಗಿಂದ ಎಡಗೈ ತೆಗೆದು ಸೇತುರಾಮರ ಭೂತಗನ್ನಡಿಯ ಕೆಳಗೆ ಹೆಬ್ಬೆರಳು ಇಟ್ಟಳು.

ಆ ಉಗುರಿನ ಮೇಲೆ ಒಂದು ಜೋಳದ ತೆನೆ ನಿಂತಿತ್ತು. ಕಾಳು ಕಾಳು ಎಣಿಸಬಹುದಿತ್ತು. ಎಲೆಯ ನಡುವಿನ ಬಿಳಿ ನರ ಕೂಡ ಕಾಣುತ್ತಿತ್ತು. ಸೇತುರಾಮರು ನೌಕೆಯನ್ನು ಮರೆತು ಆ ಬೆರಳನ್ನು ಎಷ್ಟು ಹೊತ್ತು ನೋಡಿದರೋ! ಹಿಂದೆ ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಬಂದು ಬಾಗಿದರು. ನಚಿಕೇತನ ವಿಮಾನದ ಮುಂದೆ ಒಬ್ಬರೂ ಉಳಿಯಲಿಲ್ಲ.

"ಬಂದ ಮರುದಿನಾನ ಪಾರ್ಲರಿಗೆ ಕರಕೊಂಡ ಹೋಗಿದ್ಲರಿ ನಮ್ಮ ಸೊಸಿ," ಅಂದಳು ಮುರಿಗೆವ್ವ, ಎಲ್ಲರಿಗೂ ಕೇಳುವಂತೆ. "ಕುರ್ಚಿ ಮ್ಯಾಲ ಕುಂಡ್ರಿಸಿ, ನಮ್ಮ ಹೊಲದ ಬೆಳಿನ ಬರದ್ಲು. ಅಕ್ಕಯಮ್ಮ ನೋಡಿದ್ರು, ಬೈರಣ್ಣ ನೋಡಿದ್ರು, ಹಾಲಿನಾಂವನೂ ನೋಡಿ ಚಂದೈತಿ ಅಂದ."

"ಮತ್ತ ನನಗ್ಯಾಕ ಕಾಣಲಿಲ್ಲಬೇ?" ಸಿದ್ದಾರೂಢ ಬಾಗಿ ಆ ಉಗುರನ್ನು ನೋಡಿದ. "ದಿನಾ ನೀನ ರೊಟ್ಟಿ ಬಡಿಸಿದ್ದಿ!"

ಮುರಿಗೆವ್ವ ಮಗನ ಬೆನ್ನು ತಟ್ಟಿದಳು.

"ನಿನಗ ಹ್ಯಾಂಗ ಕಾಣಬೇಕೋ ಯಪ್ಪಾ? ಎಂಟ ದಿನ ನೀ ಸಮುದ್ರದ ತಳದಾಗಿದ್ದಿ. ಕಿಡಕಿ ಬ್ಯಾರೆ ಇಲ್ಲ!"