ಗೋಡೆಯ ಮೇಲೆ ಹೆಸರು ಬರೆದವನು

ಬೆಳಿಗ್ಗೆ ಗುಹೆಯೊಳಗೆ ಕಾಲಿಟ್ಟ ಕಾವಲುಗಾರನ ಜೀವ ಬಾಯಿಗೆ ಬಂತು. ಜೈನ ಮುನಿಗಳಿಗಾಗಿ ಯಾವುದೋ ಕಾಲದಲ್ಲಿ ಬಂಡೆಯಲ್ಲೇ ಕೊರೆದ ಹಾಸಿಗೆ, ಅದಕ್ಕೆ ಬಂಡೆಯದೇ ತಲೆದಿಂಬು. ಅದರ ಪಕ್ಕದ ಮಸಿ ಹಿಡಿದ ಗೋಡೆಯ ಮೇಲೆ ಯಾರೋ ಪ್ರೇಮಿ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಹೃದಯ ಬರೆದು, ಒಳಗೆ ತನ್ನದೂ ಅವಳದೂ ಹೆಸರು ತುಂಬಿಸಿ ಹೋಗಿದ್ದ.

ಅವತ್ತೇ ಪುರಾತತ್ವ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. "ಇನ್ನೊಂದು ಗೀಚು ಕಂಡರೆ ನಿಮ್ಮನ್ನ ಬೆಟ್ಟದ ಕೋಟೆ ಕಾವಲಿಗೆ ಹಾಕ್ತೀನಿ" ಎಂದು ಹೋದ ಸಲವೇ ಎಚ್ಚರಿಸಿದ್ದರು. ಕೋಟೆಯೆಂದರೆ ನೆತ್ತಿ ಸುಡುವ ಬಿಸಿಲು, ಹತ್ತಿದಷ್ಟೂ ಮುಗಿಯದ ಮೆಟ್ಟಿಲು. ಕಾವಲುಗಾರನ ಮಂಡಿಗಳೋ, ಮನೆಯ ಹೊಸ್ತಿಲು ದಾಟುವಾಗಲೇ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು.

"ಅಕ್ಕಾ, ಕೆಟ್ಟೆ!" ಎಂದು ಎದುರಿನ ಚಹಾದಂಗಡಿಗೆ ಓಡಿದ.

ಅಂಗಡಿಯ ಅಕ್ಕ ಬಂದಳು. ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಪಕ್ಕದ ಕ್ಷೌರಿಕನೂ ಬಂದ.

"ಬೂದಿ ಹಾಕಿ ನಾರಲ್ಲಿ ತಿಕ್ಕಿದ್ರಾಯ್ತು. ನನ್ನ ಪಾತ್ರೆ ನೋಡಿದೀಯಲ್ಲ, ಮುಖ ಕಾಣುತ್ತೆ" ಎಂದಳು ಅಕ್ಕ.

"ಮೊದಲು ನೊರೆ ಹಚ್ಚಿ ನೆನೆಸ್ಬೇಕಕ್ಕಾ" ಎಂದ ಕ್ಷೌರಿಕ, ಮದುಮಗನ ಕೆನ್ನೆಗೆ ಹಚ್ಚುವಷ್ಟು ಪ್ರೀತಿಯಿಂದ ಗೋಡೆಗೆ ನೊರೆ ಬಳಿದ.

"ಮುಟ್ಟಬಾರದು ಅಂತ ಬೋರ್ಡು ಇದೆಯಲ್ರಪ್ಪಾ..." ಎಂದ ಕಾವಲುಗಾರ.

"ಅದು ಬೇರೆ ಊರಿನೋರಿಗೆ. ನೀನು ಆ ಕಡೆ ಸರಿ!" ಎಂದಳು ಅಕ್ಕ.

ಮೂವರೂ ಸೇರಿ ತಿಕ್ಕಿದರು. ಹೃದಯ ಹೋಯಿತು. ಅದರ ಜೊತೆಗೆ, ಹಿಂದೆ ಕುರಿಗಾಹಿಗಳು ಅಡುಗೆ ಮಾಡಿ ಹಿಡಿಸಿದ್ದ ಮಸಿಯೂ ಹೋಯಿತು. ಮಸಿಯ ಕೆಳಗೆ ಸೊಟ್ಟಸೊಟ್ಟಾಗಿ ಏನೋ ಕೆತ್ತಿದ್ದು ಕಾಣಿಸಿತು.

"ಅಯ್ಯೋ, ಇನ್ನೊಬ್ಬ ಗೀಚಿದಾನೆ!" ಎಂದು ಅಕ್ಕ ತಲೆ ಮೇಲೆ ಕೈಯಿಟ್ಟಳು.

"ಇವನು ಉಳಿಯಲ್ಲೇ ಕೆತ್ತಿದಾನೆ. ಪ್ರೀತಿ ಗಟ್ಟಿ ಇತ್ತು ಅನ್ಸುತ್ತೆ" ಎಂದ ಕ್ಷೌರಿಕ.

ತಿಕ್ಕಿದಷ್ಟೂ ಅದು ಇನ್ನಷ್ಟು ಹೊಳೆಯಿತು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಕಾವಲುಗಾರ ಗೋಡೆಗೆ ಹಲ್ಲಿಯ ಹಾಗೆ ಬೆನ್ನು ಅಂಟಿಸಿ ನಿಂತ.

"ಏನ್ರೀ ಹಾಗೆ ನಿಂತಿದೀರಿ? ಪಕ್ಕಕ್ಕೆ ಸರೀರಿ" ಎಂದರು ಸಾಹೇಬರು.

"ಬೆನ್ನು ಹಿಡ್ಕೊಂಡಿದೆ ಸಾರ್..."

ಬಾಯಲ್ಲಿ ಮಾತಿರುವಾಗಲೇ ನೊರೆಯ ಮೇಲೆ ಕಾಲು ಜಾರಿ, ಮುನಿಗಳ ಹಾಸಿಗೆಯ ಮೇಲೆ ದೊಪ್ಪನೆ ಕೂತ. ಸಾಹೇಬರ ಕಣ್ಣು ಗೋಡೆಯ ಮೇಲೆಯೇ ನೆಟ್ಟಿತು.

"ನಾನಲ್ಲ ಸಾರ್! ಬರೆದವನನ್ನ ಸಂಜೆಯೊಳಗೆ ಹಿಡಿದು ತಂದು ನಿಮ್ಮ ಮುಂದೆ ನಿಲ್ಲಿಸ್ತೀನಿ!"

"ಅವನು ಸತ್ತು ಎರಡು ಸಾವಿರ ವರ್ಷ ಆಗಿದೆ ಕಣ್ರೀ!" ಸಾಹೇಬರು ಗೋಡೆಗೆ ಮೂಗು ತಾಗುವಷ್ಟು ಬಾಗಿದರು. "ಮುನಿಗಳಿಗೆ ಈ ಹಾಸಿಗೆ ಕೊರೆಸಿಕೊಟ್ಟ ದಾನಿ, ತನ್ನ ಹೆಸರು ಕೆತ್ತಿಸಿದಾನೆ. ಶಾಸನ ಇದು! ತಿಕ್ಕಿದ್ದು ಮಹಾ ತಪ್ಪು. ಆದ್ರೂ ನಿಮ್ಮನ್ನ ಬೈಯೋಕೆ ಬಾಯಿ ಬರ್ತಿಲ್ಲ."

ಅವರು ಕಾವಲುಗಾರನ ಕೈ ಹಿಡಿದು ಕುಲುಕಿದರು. ಅವನ ಎದೆ ರೊಟ್ಟಿಯ ಹಾಗೆ ಉಬ್ಬಿತು.

"ನಮ್ಮ ತಮ್ಮ ಅಂದ್ರೆ ಸುಮ್ನೇನಾ ಸಾರ್" ಎಂದಳು ಅಕ್ಕ.

"ನಾಳೆಯೇ ಇದಕ್ಕೆ ಕಬ್ಬಿಣದ ಬಾಗಿಲು, ಬೀಗ. ಇನ್ನು ಯಾರನ್ನೂ ಒಳಗೆ ಬಿಡೋ ಹಾಗಿಲ್ಲ" ಎಂದರು ಸಾಹೇಬರು.

"ಕೀಲಿ ನನ್ನ ಹತ್ರ ಇರುತ್ತಲ್ಲ ಸಾರ್?"

"ಕೀಲಿ ಕಚೇರೀಲಿರುತ್ತೆ. ಬೀಗ ಹಾಕಿದ ಜಾಗಕ್ಕೆ ಕಾವಲು ಯಾಕೆ? ನಿಮ್ಮಂಥ ಚುರುಕು ಕಣ್ಣಿನವರು ಇಲ್ಲಿ ಕೂತು ಹಾಳಾಗಬಾರದು. ಕೋಟೆಗೆ ಹೋಗಿ. ಅಲ್ಲಿ ಮಸಿ ಹಿಡಿದ ಗೋಡೆ ಬೇಕಾದಷ್ಟಿವೆ."

ಕಾವಲುಗಾರ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಸಾಹೇಬರು ಪ್ರೀತಿಯಿಂದ ಅವನ ಭುಜ ತಟ್ಟಿದರು.

"ಧನ್ಯವಾದ ಎಲ್ಲಾ ಬೇಡ, ಕೂತ್ಕೊಳ್ಳಿ. ನಾಳೆ ಬೇಗ ಹತ್ತೋಕೆ ಶುರು ಮಾಡಿ."