ನಡೆದು ಬರುವವರು ಕಣ್ಣಿಗೆ ಬೀಳದ ಗೇಟಿಗೆ

ನಮ್ಮ ಬಡಾವಣೆಯ ಹೆಬ್ಬಾಗಿಲನ್ನು ಹಗಲಿರುಳೂ ಕಾಯುತ್ತಿರುವ, ಎವೆಯಿಕ್ಕದ ಕಣ್ಣಿನ, ಬೆಣ್ಣೆಯಂಥ ದನಿಯ ಮಾನ್ಯ ಗೇಟಿನವರೇ,

ಇಪ್ಪತ್ತೇಳನೇ ನಂಬರಿನ ಮನೆಯ ಹೊಸ ಮದುಮಗಳ ಅನಂತ ನಮಸ್ಕಾರಗಳು. ತಮ್ಮ ಕ್ಯಾಮೆರಾ, ತಮ್ಮ ಕೆಂಪು ದೀಪ, ತಮ್ಮೊಳಗೆ ಕೂತು ಸ್ವಾಗತ ಹೇಳುವ ಆ ಕಾಣದ ಅಕ್ಕ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಮಗೆ ಮದುವೆಯಾಗಿ ಮೂರು ತಿಂಗಳು, ಇಲ್ಲಿಗೆ ಬಂದು ಆರು ವಾರ. ನಮ್ಮ ಯಜಮಾನರು (ಈ ಪದ ಬರೆಯುವಾಗ ನನಗೆ ಈಗಲೂ ನಗು ತಡೆಯುವುದಿಲ್ಲ) ಪೇಟೆಯಲ್ಲಿ ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಾರೆ. ಹೋಗಲು ಒಂದೂವರೆ ಗಂಟೆ, ಬರಲು ಎರಡು ಗಂಟೆ. ಬಂದ ಮೇಲೆ ಅವರು ಮನೆಯಲ್ಲಿ ಎಲ್ಲಿದ್ದಾರೆಂದು ತಿಳಿಯಲು ನಾನು ಫೋನು ಮಾಡಬೇಕು, ಏಕೆಂದರೆ ಇಬ್ಬರಿಗೆ ಐದು ಕೋಣೆ, ನಾಲ್ಕು ಬಚ್ಚಲು. ಜಗಳವಾಡೋಣವೆಂದರೂ ಮಾಳಿಗೆ ಹತ್ತಿ ಹೋಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಆದರೂ ಅತ್ತೆಯವರು "ನನ್ನ ಮಗ ಎಂಥಾ ಕಡೆ ಮನೆ ಮಾಡಿದಾನೆ ಗೊತ್ತಾ" ಎಂದು ಬಂಧುಬಳಗಕ್ಕೆಲ್ಲ ಸಾರಿಬಿಟ್ಟಿದ್ದಾರೆ, ಮತ್ತು ಇನ್ನು ಮೂರು ವರ್ಷ ಇಲ್ಲೇ ಇರುತ್ತೇವೋ ಇಲ್ಲವೋ ಎಂಬುದನ್ನು ಬರುವ ಭಾನುವಾರದೊಳಗೆ ಮನೆಯ ಮಾಲೀಕರಿಗೆ ತಿಳಿಸಬೇಕಾಗಿದೆ. ಅದಕ್ಕೇ ತಮ್ಮ ಅಮೂಲ್ಯ ಸಮಯವನ್ನು ಕೋರುತ್ತಿದ್ದೇನೆ.

ತಮ್ಮ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಧೂಳು ಮೆತ್ತಿದ ನಂಬರ್ ಪ್ಲೇಟನ್ನೂ ತಾವು ಮಿಂಚಿನಂತೆ ಓದುತ್ತೀರಿ, ವಾಷಿಂಗ್ ಮೆಷೀನು ರಿಪೇರಿಯ ವ್ಯಾನಿಗೂ ಸುಸ್ವಾಗತ ಹೇಳುತ್ತೀರಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತ ನಾಯಿಗೂ ಶುಭದಿನ ಹಾರೈಸುತ್ತೀರಿ. ಆದರೆ ಕಾಲ್ನಡಿಗೆಯಲ್ಲಿ ಬಂದವರು ಮಾತ್ರ ತಮ್ಮ ಕಣ್ಣಿಗೆ ಬೀಳುವುದಿಲ್ಲ. ಇರುವ ಒಂದು ಕಾರನ್ನು ನಮ್ಮವರು ಒಯ್ಯುತ್ತಾರಾದ್ದರಿಂದ ನಾನು ನಡೆದೇ ಅಂಗಡಿಗೆ ಹೋಗಿ, ಎರಡು ಚೀಲ ಹೊತ್ತು ತಮ್ಮ ಮುಂದೆ ನಿಂತು, ಕೈಬೀಸಿ, ಕುಣಿದು, ಕೊನೆಗೆ ಹಲ್ಲು ಕಿರಿದು ನೋಡಿದೆ. ಸಂಘದ ಕಾರ್ಯದರ್ಶಿಗಳನ್ನು ಕೇಳಿದರೆ, "ಇಲ್ಲಿ ಯಾರೂ ನಡೆಯಲ್ಲಮ್ಮ, ಅದಕ್ಕೇ ಪಕ್ಕದ ಚಿಕ್ಕ ಬಾಗಿಲಿಗೆ ಬೀಗ ಹಾಕಿಸಿಬಿಟ್ವಿ" ಎಂದು ಹೆಮ್ಮೆಯಿಂದ ಹೇಳಿದರು. ಬೇರೆ ದಾರಿ ಕಾಣದೆ, ಒಳಗೆ ಹೋಗುವ ಯಾವುದಾದರೂ ಕಾರಿನ ಬೆನ್ನಿಗೆ ಓಡಿ ನುಸುಳುವುದನ್ನು ಕಲಿತೆ. ಎರಡನೇ ದಿನವೇ ನೆರೆಹೊರೆಯವರ ವಾಟ್ಸಾಪ್ ಗುಂಪಿನಲ್ಲಿ "ಚೀಲ ಹಿಡಿದ ಅಪರಿಚಿತ ಹೆಂಗಸೊಬ್ಬಳು ಕಾರುಗಳ ಹಿಂದೆ ಓಡುತ್ತಿದ್ದಾಳೆ, ಎಲ್ಲರೂ ಎಚ್ಚರ" ಎಂದು ಬಂತು. ಅದು ನಾನೇ ಎಂದು ಹೊಳೆಯುವ ಮೊದಲೇ ನಾನೂ ಗಾಬರಿಯಿಂದ ಬಾಗಿಲ ಚಿಲಕ ಹಾಕಿ, ಎಚ್ಚರಿಸಿದ್ದಕ್ಕೆ ಧನ್ಯವಾದ ಬರೆದಿದ್ದೆ.

ನಮ್ಮವರು ತಮ್ಮನ್ನು ವೃತ್ತಿಪರವಾಗಿ ಪರೀಕ್ಷಿಸಿ, "ಇದಕ್ಕೆ ದೂರದ್ದೂ ಕಾಣುತ್ತೆ, ಹತ್ತಿರದ್ದೂ ಕಾಣುತ್ತೆ, ಮನುಷ್ಯರು ಮಾತ್ರ ಕಾಣಲ್ಲ ಕಣೇ" ಎಂದು ತೀರ್ಪಿತ್ತು, ನನ್ನ ಮೇಲಿನ ಪ್ರೀತಿಗಾಗಿ ಒಂದು ರಟ್ಟಿನ ಮೇಲೆ ನಮ್ಮ ಕಾರಿನ ನಂಬರನ್ನು ಮುತ್ತಿನಂತೆ ಬರೆದುಕೊಟ್ಟರು. ಕಳೆದ ಬುಧವಾರ ಮಧ್ಯಾಹ್ನ ನಾನು ಅದನ್ನು ಹಿಡಿದು, ಕಾರಿನ ಎತ್ತರಕ್ಕೆ ಬಗ್ಗಿ, ತಮ್ಮ ಮುಂದೆ ನಿಂತೆ. ತಾವು ತೆರೆದಿರಿ! ಒಳಗಿನ ಅಕ್ಕ ನನ್ನನ್ನು ಸ್ವಾಗತಿಸಿದಳು! ಸಂತೋಷ ತಾಳಲಾರದೆ ನಾನು ತಮ್ಮ ಕಂಬವನ್ನು ತಬ್ಬಿಕೊಂಡದ್ದು ತಮ್ಮ ಕ್ಯಾಮೆರಾದಲ್ಲಿ ದಾಖಲಾಗಿರಬಹುದು, ದಯವಿಟ್ಟು ಅಳಿಸಬೇಡಿ.

ಸಂಜೆ ನಮ್ಮವರು ನಿಜವಾದ ಕಾರಿನಲ್ಲಿ ಬಂದಾಗ ತಾವು "ಈ ವಾಹನ ಈಗಾಗಲೇ ಮನೆ ತಲುಪಿದೆ" ಎಂದು ನಯವಾಗಿ ತಿಳಿಸಿದಿರಂತೆ. ಅವರು ಫೋನಿನಲ್ಲಿ, "ನಾವು ಮನೇಲಿದೀವಂತೆ, ಸ್ವಲ್ಪ ಹೊರಗೆ ಬಂದು ನೋಡ್ತೀಯಾ?" ಎಂದರು. ನಾನು ಓಡಿ ಬರುವಷ್ಟರಲ್ಲಿ ತಾವು ತಲೆಕೆಟ್ಟು ಯಾರಿಗೂ ತೆರೆಯದೆ ನಿಂತಿದ್ದಿರಿ. ರಿಪೇರಿಯವರು ಬರಲು ಒಂದು ಗಂಟೆ. ನಾನು ಸರಳಿನ ಈಚೆ, ಅವರು ಆಚೆ, ನೆಲದ ಮೇಲೆ ಕೂತೆವು. ಯಾರಿಗೋ ತಪ್ಪು ಕನ್ನಡಕ ಕೊಟ್ಟು, ಆತ ಅದರಲ್ಲೇ ಚೆನ್ನಾಗಿ ಕಾಣುತ್ತದೆಂದು ಹಟ ಹಿಡಿದ ಕಥೆ ಹೇಳಿದರು. ಆಮೇಲೆ, "ಆರು ವಾರದಲ್ಲಿ ನಿನ್ನ ಜೊತೆ ಇಷ್ಟು ಹೊತ್ತು ಕೂತಿದ್ದು ಇವತ್ತೇ" ಎಂದರು. ಹಿಂದೆ ಹನ್ನೊಂದು ಕಾರು ಸಾಲುಗಟ್ಟಿದ್ದವು. ಬೈಯುತ್ತ ಇಳಿದವರು ಬೈಯುತ್ತಲೇ ಪರಿಚಯ ಮಾಡಿಕೊಂಡರು. ಇಪ್ಪತ್ತಾರನೇ ಮನೆಯಾಕೆ ಸರಳಿನ ಸಂದಿಯಿಂದ ಬಿಸ್ಕತ್ತು ಚಾಚಿ, "ಅಯ್ಯೋ, ಅವತ್ತು ಓಡ್ತಿದ್ದೋಳು ನೀವೇನಾ? ನಾನು ಹೆದರಿ ಪೊಲೀಸರಿಗೆ ಫೋನು ಮಾಡೋಳಿದ್ದೆ!" ಎಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆ ಒಂದು ಗಂಟೆ ಈ ಬಡಾವಣೆ ನನಗೆ ಸ್ವರ್ಗದಂತೆ ಕಂಡಿತು.

ದುರದೃಷ್ಟವಶಾತ್ ತಾವು ಗುಣವಾದಿರಿ. ಗುರುವಾರ ಅದೇ ಹನ್ನೊಂದು ಕಾರುಗಳು ಗಾಜು ಏರಿಸಿಕೊಂಡು ಸಾಗಿದವು. ಇಪ್ಪತ್ತಾರನೆಯಾಕೆ ಮಾತ್ರ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದರು.

ಆದ್ದರಿಂದ ನನ್ನ ವಿನಂತಿ ಚಿಕ್ಕದು. ವಾರಕ್ಕೊಮ್ಮೆ, ಬುಧವಾರವೇ ಆಗಲಿ, ಸಂಜೆ ಒಂದು ಗಂಟೆ ಕೆಟ್ಟು ನಿಲ್ಲುವುದಾಗಿ ತಾವು ಲಿಖಿತ ಭರವಸೆ ಕೊಡುವುದಾದರೆ ನಾವು ಮೂರು ವರ್ಷವೇನು, ಮುಪ್ಪಿನವರೆಗೂ ಇಲ್ಲೇ ಇರುತ್ತೇವೆ. ಇಲ್ಲವಾದರೆ ಕನ್ನಡಕದಂಗಡಿಯ ಎದುರಿಗೆ, ಸೈಕಲ್ ರಿಪೇರಿಯವನ ತಲೆಯ ಮೇಲೆ, ಎರಡೇ ಕೋಣೆಯ ಮನೆಯೊಂದನ್ನು ನೋಡಿ ಬಂದಿದ್ದೇವೆ. ಅಲ್ಲಿ ಗುಸುಗುಟ್ಟಿದರೂ ಇನ್ನೊಂದು ಕೋಣೆಗೆ ಕೇಳುತ್ತದೆ. ಅತ್ತೆಯವರಿಗೆ ಹೇಗೆ ಹೇಳುವುದೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ. ಶನಿವಾರ ಸಂಜೆಯವರೆಗೆ ತಮ್ಮ ಉತ್ತರಕ್ಕೆ ಕಾಯುತ್ತೇವೆ. ಪೆಟ್ಟಿಗೆ ಕಟ್ಟಲು ಮಾತ್ರ ಇವತ್ತೇ ಶುರುಮಾಡಿದ್ದೇವೆ.

ತಮ್ಮ ಕಣ್ಣಿಗೆ ಎಂದೂ ಬೀಳದ, ಆದರೂ ತಮ್ಮ ವಿಶ್ವಾಸಿ,
ಇಪ್ಪತ್ತೇಳನೇ ಮನೆಯ ಕಾಲ್ನಡಿಗೆಯವಳು

ತಾ.ಕ.: ಅಂಚೆಯವರೂ ನಡೆದೇ ಬರುವವರಾದ್ದರಿಂದ ಈ ಪತ್ರವನ್ನು ತಮ್ಮ ಕಂಬಕ್ಕೇ ಅಂಟಿಸಿದ್ದೇನೆ. ಅಕ್ಷರಗಳನ್ನು ಬೇಕೆಂದೇ ತೀರಾ ಸಣ್ಣದಾಗಿ ಬರೆದಿದ್ದೇನೆ. ಓದಬೇಕೆನ್ನುವವರು ಕಾರಿನಿಂದ ಇಳಿಯಬೇಕಾಗುತ್ತದೆ.