ನನ್ನ ಹೊಸ ಮುಖವನ್ನು ಒಪ್ಪದ ಹಾಜರಿ ಯಂತ್ರದ ಸನ್ನಿಧಿಗೆ

ಬಿಸ್ಕತ್ತು ಕಾರ್ಖಾನೆಯ ಹೆಬ್ಬಾಗಿಲಲ್ಲಿ, ಕಾವಲುಗಾರರ ಕುರ್ಚಿಯ ಮೇಲ್ಗಡೆ ಗೋಡೆಯಲ್ಲಿ ವಿರಾಜಮಾನರಾಗಿ, ಬಂದವರ ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಹಾಶಯರಾದ ಮಾನ್ಯರೇ,

ತಮ್ಮ ಗಾಜಿನ ಮೇಲೆ ಧೂಳು ಕೂರದಿರಲಿ, ತಮ್ಮ ಹಸಿರು ದೀಪ ಸದಾ ಬೆಳಗಲಿ, ಕರೆಂಟು ಹೋದಾಗಲೂ ತಮ್ಮ ಠೀವಿ ಕುಂದದಿರಲಿ ಎಂದು ಹಾರೈಸುತ್ತಾ, ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕನಾದ ನಾನು ಮಾಡಿಕೊಳ್ಳುವ ಅರಿಕೆ ಏನೆಂದರೆ, ತಾವು ನನ್ನನ್ನು ಗುರುತಿಸುವುದನ್ನು ನಿಲ್ಲಿಸಿದ್ದೀರಿ. ಇದರಿಂದಾಗಿ ನಾನು ಬೆವರು ಸುರಿಸಿ ದುಡಿದ ದಿನಗಳೆಲ್ಲ ಗೈರುಹಾಜರಿಯಾಗಿ, ಗೈರುಹಾಜರಿಯೆಲ್ಲ ರಜೆಯಾಗಿ, ಮುಂದಿನ ವಾರ ನನ್ನ ಹೆಂಡತಿಯ ತಂಗಿಯ ಮದುವೆಗೆ ಹೋಗಲು ಒಂದು ರಜೆಯೂ ಉಳಿಯದ ಹಾಗಾಗಿದೆ.

ನಮ್ಮ ಪರಿಚಯವಾದ ದಿನ ನನ್ನ ಮುಖ ಹೇಗಿತ್ತು ಎಂಬುದು ನನಗೂ ಚೆನ್ನಾಗಿ ನೆನಪಿದೆ. ನಮ್ಮ ವಿಭಾಗದಲ್ಲಿ ಮುರಿದ ಬಿಸ್ಕತ್ತನ್ನು ಕೇಳುವವರಿಲ್ಲ. ಬೆಲ್ಟಿನ ಕೊನೆಯ ತಟ್ಟೆಯಿಂದ ಒಂದೊಂದೇ ಚೂರು ಬಾಯಿಗೆ ಎಸೆದುಕೊಳ್ಳುತ್ತಾ, ಅದರ ಮೇಲೆ ಸಕ್ಕರೆ ಮುಂದಾದ ಚಹಾ ಸುರಿದುಕೊಳ್ಳುತ್ತಾ, ನೀರು ಇರುವುದು ಕೈ ತೊಳೆಯುವುದಕ್ಕೆ ಮಾತ್ರ ಎಂದು ನಂಬಿ ವರ್ಷಗಟ್ಟಲೆ ಬದುಕಿದವನು ನಾನು. ಕೆನ್ನೆ ಊದಿತ್ತು, ಹಣೆ ಜಿಡ್ಡುಗಟ್ಟಿತ್ತು, ಗಲ್ಲದ ಮೇಲೆ ಒಂದು ಮೊಡವೆ ಇಳಿಯುವಷ್ಟರಲ್ಲಿ ಇನ್ನೊಂದು ಜಾಗ ಹಿಡಿಯುತ್ತಿತ್ತು. ಅಂಥ ಮುಖವನ್ನು ತಾವು ಮೊದಲ ನೋಟದಲ್ಲೇ ಮೆಚ್ಚಿ, ಸುಸ್ವಾಗತ ಎಂದು ಇಂಪಾದ ಹೆಣ್ಣುದನಿಯಲ್ಲಿ ಉಲಿದಿರಿ. ಆಗ ಆ ಮುಖ ನೋಡಿ ಅಷ್ಟು ಸಂತೋಷಪಡುವವರು ನನ್ನ ಮನೆಯಲ್ಲೂ ಇರಲಿಲ್ಲ.

ಎಲ್ಲ ಕೆಟ್ಟದ್ದು ಭಾಮೈದನ ಮದುವೆಯಲ್ಲಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ ಫೋಟೋಗ್ರಾಫರ್ ಮಹಾಶಯ ನನ್ನ ಕೈಹಿಡಿದು ಬಲು ಗೌರವದಿಂದ ಕರೆದೊಯ್ದು, ಹಿರಿಯರು ಮುಂದೆ ಕೂತುಕೊಳ್ಳಿ ಎಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅವರ ಅಣ್ಣನವರೇ ಎಂದು ವಿಚಾರಿಸಿದ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು; ಮಾವನವರು ತಲೆ ಬಾಚಿಕೊಂಡು ತಮ್ಮ ಪ್ರಾಯವನ್ನು ತಾವೇ ಮೆಚ್ಚಿಕೊಂಡರು. ನನ್ನ ಹೆಂಡತಿ ಮಾತ್ರ ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ನನ್ನ ಕೈಗೆಟುಕದ ಅಟ್ಟಕ್ಕೇರಿಸಿ, ತಂಗಿಯ ಮದುವೆಯ ಫೋಟೋದಲ್ಲಿ ನೀವು ನನ್ನ ಪಕ್ಕ ನಿಲ್ಲಬೇಕು, ಅಮ್ಮನ ಪಕ್ಕ ಕೂರಬಾರದು ಎಂದು ಅಪ್ಪಣೆ ಕೊಡಿಸಿದಳು.

ಅಂದಿನಿಂದ ನಾನು ಬಾಯಿ ಕಟ್ಟಿದೆ. ಕಣ್ಣು ಬಿಡುತ್ತಿದ್ದಂತೆ ಚೊಂಬು ನೀರು, ಆಮೇಲೆ ನೆನೆಸಿದ ಬಾದಾಮಿ, ಮಧ್ಯಾಹ್ನ ಡಬ್ಬಿ ತೆರೆದರೆ ಸೊಪ್ಪು, ಸೌತೆಕಾಯಿ, ಮೊಳಕೆಕಾಳು, ಸಂಜೆ ಹಣ್ಣಿನ ಹೋಳು, ಮತ್ತು ಹೊತ್ತುಗೊತ್ತಿಲ್ಲದೆ ಕ್ಯಾರೆಟ್. ಕ್ಯಾರೆಟ್ಟಿನಲ್ಲಿ ಅವಳಿಗೆ ಅದೆಂಥ ನಂಬಿಕೆ ಕುದುರಿತೋ, ನನ್ನ ಅಂಗೈ ಕೇಸರಿಗೆ ತಿರುಗಿದ ಮೇಲೂ ಅದು ಕಾಂತಿ ಎಂದು ವಾದಿಸಿದಳು. ಆದರೂ ಸತ್ಯ ಹೇಳಬೇಕಲ್ಲ, ಊತ ಇಳಿಯಿತು, ಮೊಡವೆಗಳು ಜಾಗ ಖಾಲಿ ಮಾಡಿದವು, ಬಹಳ ವರ್ಷಗಳ ಮೇಲೆ ನನ್ನ ಹೆಂಡತಿ ಕೆಲಸವಿಲ್ಲದಿದ್ದರೂ ಸುಮ್ಮನೆ ನನ್ನ ಮುಖ ನೋಡತೊಡಗಿದಳು. ಅದು ನನಗೆ ತುಂಬಾ ಹಿತವಾಗಿದೆ, ಮಾನ್ಯರೇ, ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿಲ್ಲ.

ಆ ಮುಖವನ್ನೇ ಹೊತ್ತು ತಮ್ಮೆದುರು ನಿಂತರೆ ತಾವು ಕೆಂಪು ದೀಪ ಬಿಟ್ಟು, ಈ ವ್ಯಕ್ತಿ ಯಾರೋ ತಿಳಿಯದು ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತೀರಿ. ಮ್ಯಾನೇಜರ್ ಸಾಹೇಬರಲ್ಲಿ ದೂರಿಕೊಂಡರೆ, ಮನುಷ್ಯರು ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ, ನೀನು ಗೈರುಹಾಜರೇ ಎಂದು ನನ್ನ ಮುಖಕ್ಕೇ ಹೇಳಿ, ಅದೇ ಉಸಿರಿನಲ್ಲಿ ಪ್ಯಾಕಿಂಗ್ ತಡವಾಯಿತೆಂದು ಗೈರುಹಾಜರಾದ ನನ್ನನ್ನೇ ಗದರಿದರು. ಹೊಸ ಮುಖ ದಾಖಲಿಸಲೂ ದಾರಿಯಿದೆಯಂತೆ, ಆದರೆ ಅದಕ್ಕೆ ಮೊದಲು ತಾವು ನನ್ನನ್ನು ಗುರುತಿಸಬೇಕಂತೆ.

ಸೋತು, ಒಂದು ದಿನ ಕಳ್ಳತನದಿಂದ ತಟ್ಟೆಯ ಮುರಿದ ಬಿಸ್ಕತ್ತನ್ನೆಲ್ಲ ಮುಕ್ಕಿ, ಮರುದಿನ ಮುಖ ತೊಳೆಯದೆ, ಕೆನ್ನೆಯನ್ನು ಆದಷ್ಟು ಊದಿಸಿಕೊಂಡು ತಮ್ಮ ಮುಂದೆ ನಿಂತಾಗ, ತಾವು ಹಳೆಯ ಸ್ನೇಹಿತ ಸಿಕ್ಕನೆಂಬಂತೆ ಸುಸ್ವಾಗತ ಎಂದಿರಿ. ಅಂದು ಸಂಜೆ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದು, ಅಂಗಿಯ ಮೇಲಿನ ಚೂರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಎಂದು ಕೇಳಿದಳು. ಆ ರಾತ್ರಿ ನನ್ನ ತಟ್ಟೆಗೆ ಬಿದ್ದದ್ದು ಬರೀ ಕ್ಯಾರೆಟ್.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ತಾವೂ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಕುಡಿದು ಕಣ್ಣು ತಿಳಿ ಮಾಡಿಕೊಳ್ಳಬೇಕು. ಅದು ಆಗದಿದ್ದರೆ, ತಮ್ಮ ಹೊಟ್ಟೆಯೊಳಗೆ ಜೋಪಾನವಾಗಿರುವ ನನ್ನ ಹಳೆಯ ಮುಖವನ್ನೇ ಕೆಲಸಕ್ಕೆ ಹಚ್ಚಿ. ತಮಗೂ ಸಾಹೇಬರಿಗೂ ಬೇಕಾದದ್ದು ಅದೊಂದೇ ಆದ್ದರಿಂದ ಡಬ್ಬಕ್ಕೆ ಬಿಸ್ಕತ್ತನ್ನು ಆ ಮುಖವೇ ತುಂಬಲಿ, ಹೊಸ ಮುಖದೊಂದಿಗೆ ನಾನು ಮದುವೆಗೆ ಹೋಗಿಬರುತ್ತೇನೆ. ಅದೂ ಆಗದಿದ್ದರೆ, ತಾವೇ ಮದುವೆಗೆ ಬಂದು ಫೋಟೋಗ್ರಾಫರನ ಪಕ್ಕ ನಿಂತು, ಈ ವ್ಯಕ್ತಿ ವಧುವಿನ ತಾಯಿಯ ಅಣ್ಣನಲ್ಲ ಎಂದು ಅದೇ ಇಂಪಾದ ದನಿಯಲ್ಲಿ ಸಾರಬೇಕಾಗಿ ವಿನಂತಿ.

ತಾವು ನಂಬದಿದ್ದರೂ ಇಂದಿಗೂ ಅದೇ ಮನುಷ್ಯನಾಗಿರುವ,
ತಮ್ಮ ವಿಶ್ವಾಸಿ,
ಪ್ಯಾಕಿಂಗ್ ವಿಭಾಗದ ಗೈರುಹಾಜರಾದ ಮೇಲ್ವಿಚಾರಕ

ಮರೆತ ಮಾತು: ಮ್ಯಾನೇಜರ್ ಸಾಹೇಬರು ಈಚೆಗೆ ಗೈರುಹಾಜರಾದ ನನ್ನನ್ನು ಗೋದಾಮಿನ ಹಿಂದೆ ಕರೆದು, ಮುಖ ಇಷ್ಟು ಕಳೆಕಳೆಯಾಗಲು ಏನು ತಿನ್ನುತ್ತೀಯಪ್ಪಾ ಎಂದು ಪಿಸುಗುಟ್ಟಿದರು. ನನ್ನ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ದೊಡ್ಡ ಮನಸ್ಸು ಮಾಡಿ, ನನ್ನ ಡಬ್ಬಿಯ ಜೊತೆ ಅವರಿಗೂ ಒಂದು ಡಬ್ಬಿ ಕಳಿಸುತ್ತಿದ್ದಾಳೆ, ಅದರಲ್ಲಿ ಕ್ಯಾರೆಟ್ಟಿನದೇ ಮೇಲುಗೈ. ಇವತ್ತು ಬೆಳಿಗ್ಗೆ ಸಾಹೇಬರು ಬಂದಾಗ ತಾವು ಒಂದು ಗಳಿಗೆ ತಡವರಿಸಿದಿರೆಂದು ಕಾವಲುಗಾರರು ಹೇಳಿದರು. ಅವಸರವೇನಿಲ್ಲ, ಮದುವೆಗೆ ಇನ್ನೂ ಒಂದು ವಾರವಿದೆ.